ಮೂರು ಕಪ್, ನಾಲ್ಕನೆಯ ಹಿಡಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಿನ್ನೆಯಿಂದ ಒಂದು ಉಪ್ಪಿಟ್ಟಿನ ಕಪ್ ಕೂತಿದೆ. ನಮ್ಮದಲ್ಲ, ಪಕ್ಕದ ಫ್ಲ್ಯಾಟಿನ ಹುಡುಗಿ ಚೈತ್ರಾ ಮರೆತು ಹೋದದ್ದು. ಮುಚ್ಚಳ ಕಿತ್ತು, ಒಳಗಿನ ಗೆರೆಯ ತನಕ ಬಿಸಿನೀರು ಸುರಿದು ಮುಚ್ಚಿಟ್ಟರೆ ನೀವು ತಲೆ ಬಾಚಿಕೊಳ್ಳುವಷ್ಟರಲ್ಲಿ ಉಪ್ಪಿಟ್ಟಾಗುತ್ತದಲ್ಲ, ಆ ಜಾತಿಯದು. ಒಂದು ಮಗ್ಗುಲು ನೆಗ್ಗಿದೆ. ಮೇಲೆ ‘ಒಬ್ಬರಿಗೆ’ ಎಂಬರ್ಥದ ಇಂಗ್ಲಿಷು, ಅದರ ಪಕ್ಕದಲ್ಲಿ ನಗುವ ಒಂದು ಬಟಾಣಿಯ ಚಿತ್ರ.

ಕಪ್ ನೋಡಿಕೊಂಡು ಬರೆಯಲು ಕೂತಿದ್ದಾಳೆ ಎಂದು ನಗಬೇಡಿ. ಇಂಥ ಕಪ್ಪುಗಳ ದೆಸೆಯಿಂದಲೇ ನಮ್ಮತ್ತೆ ಈ ಮನೆ ಬಿಟ್ಟು ಹೊರಡಲು ಚೀಲ ಕಟ್ಟಿದ್ದರು. ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನು ನನ್ನ ಹೆತ್ತ ತಾಯಿಯ ಜೊತೆಗಿಂತ ಹೆಚ್ಚು ವರ್ಷ ಬಾಳಿದ್ದು ಈ ಅತ್ತೆಯ ಜೊತೆ. ಅವರಿಲ್ಲದ ಮನೆ ನನಗೆ ಬೇಡವಾಗಿತ್ತು. ಆದರೆ ಅದನ್ನು ಅವರ ಮುಂದೆ ಹೇಳುವ ಧೈರ್ಯ ಸೊಸೆಯಾದವಳಿಗೆ ಎಲ್ಲಿಂದ ಬರಬೇಕು?

ಮೊದಲು ಕಪ್ಪಿನ ಪರವಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ, ಆಮೇಲೆ ಅನ್ಯಾಯವಾಯಿತು ಅನ್ನಬಾರದು. ನಾನು ಶಾಲೆಯೊಂದರ ಆಫೀಸಿನಲ್ಲಿ ಕಾರಕೂನಳು. ಪುಣೆಯ ಹೊರವಲಯದ ನಮ್ಮ ವಾಕಡದ ಬೆಳಗು ನಿಮಗೆ ಗೊತ್ತಿರಲಿಕ್ಕಿಲ್ಲ. ಹಿಂಜವಡಿಯ ಐಟಿ ಕಂಪನಿಗಳ ಕಡೆ ಹೋಗುವ ಗಾಡಿಗಳೆಲ್ಲ ನಮ್ಮ ಗೇಟಿನ ಮುಂದೆಯೇ ಉಸಿರುಗಟ್ಟಿ ನಿಂತಿರುತ್ತವೆ. ಹತ್ತು ನಿಮಿಷ ತಡವಾದರೆ ಒಂದು ತಾಸು ತಡವಾದ ಹಾಗೆ. ಅಂಥ ಹೊತ್ತಿನಲ್ಲಿ ರವೆ ಹುರಿಯದೆ, ಉಳ್ಳಾಗಡ್ಡಿ ಹೆಚ್ಚದೆ, ತಳ ಹತ್ತಿದ ಬಾಣಲೆ ತಿಕ್ಕದೆ ಉಪ್ಪಿಟ್ಟು ಸಿಗುತ್ತದೆ ಎಂದರೆ, ಈ ಕಪ್ ಕಂಡುಹಿಡಿದವರಿಗೆ ಒಂದು ಇಳಕಲ್ ಸೀರೆ ಉಡಿಸಬೇಕು. ಅವರು ಗಂಡಸಾಗಿದ್ದರೂ ಚಿಂತೆಯಿಲ್ಲ.

ಇನ್ನು ಊನಗಳು. ಮೇಲೆ ಸಪ್ಪೆ, ನಡುವೆ ಹದ, ತಳದಲ್ಲಿ ಉಪ್ಪಿನ ಗಣಿ. ಕೊತ್ತಂಬರಿ ಹೆಸರಿಗೆ ಮಾತ್ರ. ಚಿತ್ರದಲ್ಲಿ ನಗುವ ಬಟಾಣಿ ಬಾಯಿಗೆ ಬಂದಾಗ ನಗುವುದಿಲ್ಲ, ಕಲ್ಲಾಗಿರುತ್ತದೆ. ಜೊತೆಗೆ ಕೊಡುವ ಚಮಚ ಕೂಸಿನ ಬಾಯಿಗೆ ಮಾಡಿದ್ದು. ಎಲ್ಲಕ್ಕಿಂತ ದೊಡ್ಡ ಪೀಡೆ, ತಿಂದ ಮೇಲೆ ಉಳಿಯುವ ಕಪ್. ಅದನ್ನು ಎಸೆಯುವ ಗುಣ ನನ್ನ ರಕ್ತದಲ್ಲೇ ಇಲ್ಲ. ತೊಳೆದು ಒರೆಸಿ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟು ಒಂದರಲ್ಲಿ ಮೆಂತ್ಯ, ಒಂದರಲ್ಲಿ ಕೊತ್ತಂಬರಿ, ಒಂದರಲ್ಲಿ ಏನು ಹಾಕಿದ್ದೆನೆಂದು ಮರೆತೇ ಹೋದ ಒಂದು ಬೀಜ ಬಿತ್ತಿದ್ದೇನೆ. ಆ ಮೂರನೆಯದು ಮಾತ್ರ ಚೆನ್ನಾಗಿ ಬೆಳೆದಿದೆ. “ಇದು ಮನಿನೋ ನರ್ಸರಿನೋ?” ಎಂದು ನಮ್ಮನೆಯವರು ದಿನಕ್ಕೊಮ್ಮೆ ಕೇಳುತ್ತಾರೆ.

ನಾನು ಹುಟ್ಟಿ ಬೆಳೆದದ್ದು ವಿಜಾಪುರದ ಓಣಿಯಲ್ಲಿ. ಅಲ್ಲಿ ಒಬ್ಬರಿಗೆ ಅಂತ ಅಳೆದ ನಾಷ್ಟಾವನ್ನು ನಾನು ಕಂಡದ್ದೇ ಇಲ್ಲ. ನಮ್ಮ ಅಜ್ಜಿ ಅಂಗಳದಲ್ಲಿ ಪರಾತ ಎಂಬ ದೊಡ್ಡ ಅಗಲ ತಟ್ಟೆ ಇಟ್ಟುಕೊಂಡು ಅವಲಕ್ಕಿ ಹಚ್ಚುತ್ತಿದ್ದಳು. ಹಸಿ ಎಣ್ಣೆ, ಖಾರದಪುಡಿ, ಮೆಂತ್ಯದಹಿಟ್ಟು, ಕೈ ಮೊಣಕೈ ತನಕ ಕೆಂಪು. ನಾವು ಮೊಮ್ಮಕ್ಕಳು ಪರಾತದ ಸುತ್ತ ಕೂತು, ಅವರವರ ಮುಂದಿನಿಂದ ತಿನ್ನಬೇಕೆಂಬ ಕಾನೂನು ಪಾಲಿಸಿದ ಹಾಗೆ ನಟಿಸುತ್ತ, ಅವಲಕ್ಕಿಯ ಕೆಳಗೆ ಬೆರಳಿನಿಂದ ಸುರಂಗ ತೋಡಿ ಎದುರಿನವರ ಶೇಂಗಾ ಎಳೆದುಕೊಳ್ಳುತ್ತಿದ್ದೆವು. ನನ್ನ ತಮ್ಮ ಈ ಕಸುಬಿನಲ್ಲಿ ಎಷ್ಟು ಪಳಗಿದ್ದನೆಂದರೆ, ಮೇಲಿನ ಅವಲಕ್ಕಿ ಅಲುಗುತ್ತಿರಲಿಲ್ಲ, ಕೆಳಗಿನ ಶೇಂಗಾ ಮಾಯವಾಗಿರುತ್ತಿತ್ತು. ಈಗ ಕಪ್ಪಿನಲ್ಲಿ ನನ್ನ ಪಾಲಿನ ಶೇಂಗಾ ಯಾರೂ ಕದಿಯುವುದಿಲ್ಲ. ಅದೇಕೋ ಅದಕ್ಕೆ ರುಚಿಯೂ ಇಲ್ಲ.

ಮದುವೆಯಾಗಿ ಬಂದದ್ದು ಪುಣೆಯ ಪೇಠೆಯೊಂದರ, ಹಲವು ಬಿಡಾರಗಳ ಹಳೆಯ ವಾಡೆಗೆ, ಎರಡು ಕೋಣೆಯ ಬಾಡಿಗೆ ಮನೆಗೆ. ಅಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಹಿಡಿಯ ಲೆಕ್ಕ. ಚುರಮುರಿ ತೋಯಿಸಿ ಹಿಂಡಿ ಸುಸಲಾ ಮಾಡಲಿ, ಅವಲಕ್ಕಿಗೆ ಒಗ್ಗರಣೆ ಹಾಕಲಿ, ಮನೆಯಲ್ಲಿ ತಲೆಗೊಂದು ದೊಡ್ಡ ಹಿಡಿ, ಮೇಲೆ ಇನ್ನೊಂದು ಹಿಡಿ.

“ಇದು ಯಾರಿಗ್ರಿ ಅತ್ತಿಯವರ?” ಎಂದು ಕೇಳಿದ್ದೆ.

“ಬರಾವ್ರಿಗೆ.”

“ಯಾರ ಬರಾವ್ರದಾರ?”

“ಗೊತ್ತಿದ್ರ ಅವರನ್ನೂ ಮಂದಿಯೊಳಗ ಹಿಡೀತಿದ್ನಲ್ಲ!”

ಆ ವಾಡೆಗೆ ಬರುವವರಿಗೆ ಬರವಿರಲಿಲ್ಲ. ನಸುಕಿನಲ್ಲಿ ಸ್ವಾರಗೇಟಿನಲ್ಲಿ ಬಸ್ಸಿಳಿದು, ಕೈಯಲ್ಲೊಂದು ಚೀಲ ಹಿಡಿದು, “ಸಿಂದಗಿಯವ್ರ ಮನಿ ಇದs ಏನ್ರಿ?” ಎಂದು ಕೇಳುತ್ತ ಜನ ಬಂದೇ ಬರುತ್ತಿದ್ದರು. ಸಿಂದಗಿ ಅತ್ತೆಯ ಊರೂ ಹೌದು, ನಮ್ಮ ಅಡ್ಡಹೆಸರೂ ಹೌದು. ಸಂದರ್ಶನಕ್ಕೆ ಬಂದವರು, ಕಣ್ಣು ತೋರಿಸಲು ಬಂದವರು, ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೇನೋ ನೋಡಲು ಬಂದವರು, ಸುಮ್ಮನೆ ಬಂದವರು. ಅವರಲ್ಲಿ ಅರ್ಧ ಮಂದಿ ನಮಗೆ ಹೇಗೆ ಸಂಬಂಧ ಎಂದು ಅತ್ತೆಗೂ ತಿಳಿದಿರಲಿಲ್ಲ. ಒಬ್ಬ ಪುಣ್ಯಾತ್ಮ ತಾಟು ಖಾಲಿ ಮಾಡಿ ಎರಡನೇ ಸಲ ಚಹಾ ಕುಡಿಯುವಾಗ ತಾನು ಕೇಳಿಕೊಂಡು ಬಂದದ್ದು ಬೇರೆ ಸಿಂದಗಿಯವರ ಮನೆ ಎಂದು ಗೊತ್ತಾಯಿತು. “ಇರಲಿ ಬಿಡ್ರಿ, ಹಿಡಿ ನಿಮ್ಮದs ಇತ್ತು” ಎಂದರು ಅತ್ತೆ.

ಆಮೇಲೆ ನಾವೂ ಎಲ್ಲರ ಹಾಗೆ ಸ್ವಂತದ್ದೊಂದು ಇರಲಿ ಎಂದು ವಾಕಡಕ್ಕೆ ಬಂದೆವು. ಮನೆ ಏನೋ ಚೆಂದ. ಗಾಳಿ, ಬೆಳಕು, ಲಿಫ್ಟು. ಆದರೆ ಕೆಳಗೆ ಗೇಟಿದೆ, ಗೇಟಿನಲ್ಲಿ ವಾಚ್‌ಮನ್ ಇದ್ದಾನೆ, ಅವನ ಕೈಯಲ್ಲಿ ಮೊಬೈಲ್ ಇದೆ. ಯಾರೇ ಬರಲಿ, ಅವರ ಫೋಟೋ ತೆಗೆದು, ನನ್ನ ಒಪ್ಪಿಗೆ ಕೇಳಿ, ಆಮೇಲೆ ಮೇಲೆ ಬಿಡುತ್ತಾನೆ. ಇಷ್ಟೆಲ್ಲ ಆಗುವಾಗ ಬರುವವರೂ ಹುಷಾರಾದರು. ಊರಿನಿಂದ ಬಂದವರು ಲಾಡ್ಜಿನಲ್ಲೇ ಇಳಿದು, ಕೆಲಸ ಮುಗಿಸಿ, ಹೋಗುವಾಗ ಬಸ್ಸಿನಿಂದ ಫೋನ್ ಮಾಡುತ್ತಾರೆ, “ನಿಮಗ್ಯಾಕ ತ್ರಾಸ ಅಂತ ಬರಲಿಲ್ಲರಿ.” ಅತ್ತೆಯ ನಾಲ್ಕನೆಯ ಹಿಡಿ ಮಾತ್ರ ನಿಲ್ಲಲಿಲ್ಲ. ಅದು ಮಧ್ಯಾಹ್ನದ ತನಕ ಮುಚ್ಚಿದ ಬಟ್ಟಲಿನಲ್ಲಿ ಕೂತು, ಸಂಜೆ ನಾನು ಶಾಲೆಯಿಂದ ಬಂದಾಗ ನನ್ನ ಹೊಟ್ಟೆ ಸೇರುತ್ತಿತ್ತು. ನನ್ನ ರವಿಕೆಗಳೆಲ್ಲ ಬಿಗಿಯಾದದ್ದು ಹೀಗೆ. ಡಾಕ್ಟರು ಕೇಳಿದರೆ ಥೈರಾಯ್ಡಿನ ಮೇಲೆ ಹಾಕುತ್ತೇನೆ.

ನಮ್ಮನೆಯವರು ಕಾರ್ಖಾನೆಯ ಸ್ಟೋರ್ಸಿನಲ್ಲಿ ಆಯುಷ್ಯ ಕಳೆದವರು. ಒಂದು ಬೋಲ್ಟು ಕೇಳಿದವರಿಗೆ ಒಂದೇ ಬೋಲ್ಟು ಕೊಟ್ಟು ರೂಢಿ. ಹೋಳಿ ಹುಣ್ಣಿಮೆಯ ಸುಮಾರಿಗೆ ಒಂದು ದಿನ ಮಾಲ್‌ನಿಂದ ಒಂದು ಡಬ್ಬದ ತುಂಬ ಕಪ್ ತಂದರು. ಉಪ್ಪಿಟ್ಟು, ಪೋಹೆ, ಓಟ್ಸ್. ಮರುದಿನ ತಾವೇ ನೀರು ಕಾಯಿಸಿ ಮೇಜಿನ ಮೇಲೆ ಮೂರು ಕಪ್ ಸಾಲಾಗಿ ಇಟ್ಟು, ಪರೇಡು ನೋಡುವ ಸಾಹೇಬರ ಹಾಗೆ ನಿಂತರು.

“ಮೂರ ಮಂದಿ, ಮೂರ ಕಪ್. ಹೆಚ್ಚಿಲ್ಲ, ಕಡಿಮಿಲ್ಲ. ಸುಮಿತ್ರಾಗೂ ಆರಾಮ.”

ಸುಮಿತ್ರಾ ಅಂದರೆ ನಾನು. ನನಗೆ ಆರಾಮವೇ ಆಗಿತ್ತು, ಸುಳ್ಳೇಕೆ ಹೇಳಲಿ? ಅತ್ತೆ ಮಾತ್ರ ಕಪ್ಪಿನೊಳಗೆ ಇಣುಕಿ, “ನಾಕನೇದವ್ರು ಬಂದ್ರ?” ಎಂದರು.

“ಯಾರ ಬರ್ತಾರ ಯವ್ವಾ ಈಗ?”

ನಮ್ಮನೆಯವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದರು. ಆದರೆ ಅದನ್ನು ಯಾರೂ ಅಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆ ಚಮಚ ಕೆಳಗಿಟ್ಟರು. ಜಗಳವಾಡಲಿಲ್ಲ. ಅವತ್ತು ಸಂಜೆ ನೋಡಿದರೆ ಮಂಚದ ಮೇಲೆ ಅವರ ನೀಲಿ ಚೀಲ ಬಿಚ್ಚಿತ್ತು. ಸೀರೆಗಳ ಕೆಳಗೆ, ಎಲ್ಲಕ್ಕಿಂತ ಮೊದಲು, ತಮ್ಮ ಹಿತ್ತಾಳೆಯ ಪರಾತ ಇಟ್ಟಿದ್ದರು. ಸಿಂದಗಿಯಿಂದ ವಾಡೆಗೆ, ವಾಡೆಯಿಂದ ಇಲ್ಲಿಗೆ ಅವರ ಜೊತೆ ಬಂದ ಪರಾತ ಅದು.

“ಪಂಚಮಿಗೆ ಸಿಂದಗಿಗೆ ಹೋಗ್ತೀನಿ, ಮಗಳ ಮನಿಗೆ. ಮತ್ತ ಬರೂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರೂ ಬರದ ಮನ್ಯಾಗ ನನಗ ಕೂಡಲಿಕ್ಕೆ ಆಗೂದಿಲ್ಲ” ಎಂದರು.

ಮಗಳು ಒಳ್ಳೆಯವಳು, ಮನೆ ದೊಡ್ಡದು, ಓಣಿಯ ತುಂಬ ಜನ. ಬೇಡವೆನ್ನಲು ನನಗೆ ಕಾರಣವೇ ಸಿಗಲಿಲ್ಲ, ಒಂದರ ಹೊರತು. ಆ ಒಂದನ್ನು ಹೇಳಲು ಹೋಗಿ ಸೀರೆ ಮಡಚಿಕೊಟ್ಟು ಬಂದೆ. ನಾಗರ ಪಂಚಮಿಗೆ ನಾಲ್ಕೈದು ತಿಂಗಳಿತ್ತು. ನಾನು ದಿನ ದೂಡುತ್ತ ಉಳಿದೆ.

ನಡುವೆ ಒಂದು ಭಾನುವಾರ ಅವರ ಮನಸ್ಸು ತಿರುಗೀತೆಂದು ಜೇಜುರಿಗೆ ಕರೆದುಕೊಂಡು ಹೋದೆವು, ಅಲ್ಲಿಯ ಖಂಡೋಬಾ ನಮ್ಮ ಮನೆದೇವರು. ಜಾಣತನ ಮಾಡಿ ಥರ್ಮಾಸಿನಲ್ಲಿ ಬಿಸಿನೀರು, ಚೀಲದಲ್ಲಿ ಮೂರು ಕಪ್ ಒಯ್ದಿದ್ದೆ. ದರ್ಶನ ಮುಗಿಸಿ ಮೆಟ್ಟಿಲ ಕೆಳಗೆ ಮೈಯೆಲ್ಲ ಭಂಡಾರದ ಅರಿಸಿನ ಮಾಡಿಕೊಂಡು ಕೂತರೆ, ಪಕ್ಕದಲ್ಲೇ ಕಲಬುರ್ಗಿ ಕಡೆಯ ಒಂದು ಸಂಸಾರ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತೆ ತಮ್ಮ ಕಪ್ ಹಿಡಿದು ಅವರ ಕಡೆ ತಿರುಗಿದರು. ಆರು ಮಂದಿ, ಒಂದು ಕಪ್, ಕೂಸಿನ ಚಮಚ. ಒಬ್ಬೊಬ್ಬರ ಅಂಗೈಗೆ ಒಂದೊಂದು ಚಮಚ ಉಪ್ಪಿಟ್ಟು ಬಿತ್ತು. ಅವರಲ್ಲಿನ ಹಿರಿಯ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅತ್ತೆಯ ಮುಖ ಸಣ್ಣದಾಯಿತು. “ಇದನ್ನ ಹಂಚಲಿಕ್ಕೂ ಬರೂದಿಲ್ಲ, ಒಬ್ಬಾಕಿನs ತಿನ್ನಲಿಕ್ಕೂ ಬರೂದಿಲ್ಲ” ಎಂದರು. ಕಾರು ಮನೆ ಮುಟ್ಟುವಷ್ಟರಲ್ಲಿ ಎಲ್ಲರ ಸೀಟೂ ಹಳದಿಯಾಗಿತ್ತು.

ಹೀಗಿರುವಾಗ ಮಳೆಗಾಲದ ಶುರುವಿನಲ್ಲಿ ಪಕ್ಕದ ಫ್ಲ್ಯಾಟಿಗೆ ಮೂವರು ಹುಡುಗಿಯರು ಬಂದರು. ಅವರಲ್ಲೊಬ್ಬಳು ಈ ಚೈತ್ರಾ, ಮೈಸೂರಿನವಳು, ಹಿಂಜವಡಿಯಲ್ಲಿ ಕೆಲಸ.

ಮುಂದಿನದನ್ನು ಹೇಳುವ ಮೊದಲು ದಕ್ಷಿಣದ ಓದುಗರಿಗೊಂದು ಮಾತು. ನೀವು ಬೆಳಿಗ್ಗೆ ‘ತಿಂಡಿ ಆಯ್ತಾ’ ಎಂದು ಪ್ರೀತಿಯಿಂದ ಕೇಳುತ್ತೀರಲ್ಲ, ನಮ್ಮ ಕಡೆ ತಿಂಡಿ ಅಂದರೆ ತುರಿಕೆ. ಮೈಗೆ ತಿಂಡಿ ಬಿಡುತ್ತದೆ, ಕೆರೆದುಕೊಳ್ಳುತ್ತೇವೆ. ಬೆಳಿಗ್ಗೆ ತಿನ್ನುವುದು ನಾಷ್ಟಾ. ನಾನು ಟಿವಿ ನೋಡಿ ನಿಮ್ಮ ಭಾಷೆ ಅಷ್ಟಿಷ್ಟು ಕಲಿತಿದ್ದೇನೆ. ಅತ್ತೆ ನೋಡುವುದು ಮರಾಠಿ ಧಾರಾವಾಹಿ.

ಅವತ್ತು ಶಾಲೆಗೆ ರಜೆ. ನಾನು ಬಚ್ಚಲಲ್ಲಿದ್ದೆ. ಬಾಗಿಲ ಗಂಟೆ ಬಾರಿಸಿತು. ಗೇಟಿನಿಂದ ಫೋನಿಲ್ಲದೆ ಬಂದ ಗಂಟೆ! ಅತ್ತೆ ಬಾಗಿಲು ತೆಗೆದದ್ದು ಕೇಳಿಸಿತು, ಆಮೇಲೆ ಒಂದು ತೆಳ್ಳನೆಯ ದನಿ.

“ಅಜ್ಜಿ, ನಾನು ಪಕ್ಕದ್ಮನೆ. ನೀವು ಕನ್ನಡ ಮಾತಾಡೋದು ಕೇಳಿಸ್ತು, ಅದಕ್ಕೇ ಬಂದೆ. ಸ್ವಲ್ಪ ಬಿಸಿನೀರು ಸಿಗುತ್ತಾ? ತಿಂಡಿಗೆ ಬೇಕಿತ್ತು. ನಮ್ಮ ಕೆಟಲ್ ಕೆಟ್ಟೋಗಿದೆ.”

“ತಿಂಡಿಗೆ? ಅಯ್ಯ ಪಾಪ! ಯಾವಾಗಿನಿಂದ ಅದನವಾ?”

“ಪುಣೆಗೆ ಬಂದಾಗಿಂದ ಇದೇ ಅಜ್ಜಿ. ದಿನಾ.”

“ದಿನಾ! ಬರೇ ಮುಂಜಾನೆ ಏನ, ಸಂಜಿಗೂನು?”

“ಕೆಲಸ ಜಾಸ್ತಿ ಇದ್ರೆ ರಾತ್ರಿಗೂ ಇದೇ.”

“ಹೌದವಾ, ಬೆವತ್ರ ಹೆಚ್ಚಾಗ್ತದ. ನಿಮ್ಮ ಅವ್ವಗ ಹೇಳಿಯಿಲ್ಲೋ?”

“ಹೇಳಿದ್ರೆ ಬೈತಾರೆ. ನಮ್ಮಮ್ಮಂಗೆ ಇದು ಕಂಡ್ರೇ ಆಗಲ್ಲ.”

“ನಿನ್ನ ಸಂಗಾಟ ಇರೋ ಹುಡುಗ್ಯಾರಿಗೂ ಅದ ಏನ?”

“ಮೂರೂ ಜನಕ್ಕೂ ಇದೇ ಅಜ್ಜಿ. ಆಫೀಸಲ್ಲೂ ಅಷ್ಟೆ. ಈಗ ಎಲ್ಲಾ ಕಡೆ ಇದೇ ಅಲ್ವಾ?”

ಮೈಗೆಲ್ಲ ಸೋಪು ಹಚ್ಚಿಕೊಂಡವಳು ಎಲ್ಲಿಗೆ ಓಡಿ ಬರಲಿ? ಒಳಗಿನಿಂದಲೇ “ಅತ್ತಿಯವರ, ಅದು ಆ ತಿಂಡಿ ಅಲ್ರೀ!” ಎಂದು ಕೂಗಿದೆ. ನಲ್ಲಿಯ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಸೀರೆ ಸುತ್ತಿಕೊಂಡು ನಾನು ಹೊರಗೆ ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಸಿಂದಗಿಯಿಂದ ತಂದಿಟ್ಟುಕೊಂಡಿದ್ದ ಒಣ ಬೇವಿನ ಸೊಪ್ಪನ್ನು ಅತ್ತೆ ಹಿಡಿಗಟ್ಟಲೆ ಹಾಕಿ ನೀರು ಕುದಿಸಿ, ಸೋಸಿ, ತಂಬಿಗೆಯಲ್ಲಿ ಕೊಟ್ಟಿದ್ದಾರೆ. ಕಿವಿಯಲ್ಲಿ ಆಫೀಸಿನ ಮೀಟಿಂಗು ಸಿಕ್ಕಿಸಿಕೊಂಡಿದ್ದ ಹುಡುಗಿ ನೀರಿನ ಬಣ್ಣ ನೋಡದೆ ತಾನು ತಂದಿದ್ದ ಉಪ್ಪಿಟ್ಟಿನ ಕಪ್ಪಿಗೆ ಸುರಿದುಕೊಂಡಿದ್ದಾಳೆ. ಒಂದು ಚಮಚ ಬಾಯಿಗೂ ಹೋಗಿದೆ. ಉಗುಳಲಾರದೆ ನುಂಗಲಾರದೆ ಅವಳು ಕೂತಿದ್ದರೆ, ಅತ್ತೆ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಅವಳ ಅಂಗಿಯ ತೋಳು ಮೇಲೆ ಸರಿಸುತ್ತಿದ್ದಾರೆ.

“ಶಿವನs! ಮೈಗೆ ಹಾಕ್ಕೊಳ್ಳೂ ನೀರ ಉಪ್ಪಿಟ್ಟಿಗೆ ಹಾಕ್ಕೊಂಡಾಳ ನೋಡ ಸುಮಿತ್ರಾ!”

“ಅವರ ಕಡೆ ತಿಂಡಿ ಅಂದ್ರ ನಾಷ್ಟಾರಿ!”

ಅತ್ತೆ ನನ್ನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು. “ನಾಷ್ಟಾಕ್ಕ ತಿಂಡಿ ಅಂತಾರ? ಮತ್ತ ತಿಂಡಿ ಬಿಟ್ರ ಏನಂತೀರವಾ?”

“ತುರಿಕೆ, ಅಜ್ಜಿ” ಎಂದಳು ಅವಳು, ಕಣ್ಣಲ್ಲಿ ಬೇವಿನ ನೀರು ತುಂಬಿಕೊಂಡು.

ಅತ್ತೆ ಎಣ್ಣೆ ಬಾಟಲಿ ಹಿಡಿದೇ ನೆಲದ ಮೇಲೆ ಕೂತುಬಿಟ್ಟರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ದನಿ ಬಂತು. ಅವರು ಹಾಗೆ ನಕ್ಕಿದ್ದನ್ನು ನಾನು ವಾಡೆ ಬಿಟ್ಟ ಮೇಲೆ ಕೇಳಿರಲಿಲ್ಲ. ನನಗೆ ನಗುವೂ ಅಳುವೂ ಕೂಡಿಯೇ ಬಂದವು. ನಕ್ಕು ಮುಗಿದ ಮೇಲೆ ಅತ್ತೆ ಎದ್ದು, ಮನೆಗೆ ಕಪ್ ಬಂದ ಮೇಲೂ ಬಿಡದೆ ಮಾಡಿ ಮುಚ್ಚಿಡುತ್ತಿದ್ದ ಬಟ್ಟಲು ತೆಗೆದು, ನಾಲ್ಕನೆಯ ಹಿಡಿಯ ಸುಸಲಾವನ್ನು ತಾಟಿಗೆ ಬಡಿಸಿ, ಮೇಲೆ ಹಸಿ ಕೊಬ್ಬರಿ ಉದುರಿಸಿ ಹುಡುಗಿಯ ಮುಂದಿಟ್ಟರು. “ತಿನ್ನು. ನಿನ್ನದs ಅದ.” ಅವಳು ಮೀಟಿಂಗು ಕಿವಿಯಿಂದ ತೆಗೆದಿಟ್ಟು ತಿಂದಳು.

ಮರುದಿನ ಗಂಟೆ ಮತ್ತೆ ಬಾರಿಸಿತು. ಕೈಯಲ್ಲಿ ಹೊಸ ಕಪ್. “ಕೆಟಲ್ ರಿಪೇರಿಗೆ ಕೊಟ್ಟಿದೀನಿ ಆಂಟಿ, ಸ್ವಲ್ಪ ಬಿಸಿನೀರು...” ಅತ್ತೆ ಆ ಕಪ್ಪನ್ನು ಮೊಣಕೈಯಿಂದ ಅತ್ತ ಸರಿಸುವ ಭರದಲ್ಲಿ ಕೆಳಗೆ ಬೀಳಿಸಿದರು. ತಾಟು ಹಾಕಿದರು. ಹುಡುಗಿ ತಿಂದು, ಕಪ್ ಎತ್ತಿಕೊಂಡು ಆಫೀಸಿಗೆ ಹೋದಳು. ಹೀಗೇ ನಡೆಯಿತು. ವಾರಕ್ಕೆರಡು ದಿನ ಇದ್ದದ್ದು ನಾಲ್ಕಾಯಿತು, ಐದಾಯಿತು. ಕೆಟಲ್ ಮಾತ್ರ ರಿಪೇರಿಯಾಗಿ ಬರಲೇ ಇಲ್ಲ. ಪುಣೆಯ ರಿಪೇರಿಯವರನ್ನು ನಾನು ಮನಸ್ಸಿನಲ್ಲೇ ಬಹಳ ಬೈದೆ.

ಪಂಚಮಿ ಬಂತು. “ಆ ಹುಡುಗಿ ಶೇಂಗಾ ಉಂಡಿ ತಿಂದೇ ಇಲ್ಲಂತ” ಎಂದು ಅತ್ತೆ ಉಂಡೆ ಕಟ್ಟುತ್ತ ಉಳಿದರು. ದಸರೆ ಬಂತು, ದೀಪಾವಳಿ ಬಂತು. ಸಿಂದಗಿಯ ಮಾತು ಬರಲಿಲ್ಲ, ಆದರೆ ನೀಲಿ ಚೀಲ ಕಟ್ಟಿದ ಹಾಗೇ ಮಂಚದ ಕೆಳಗಿತ್ತು. ಕಸ ಗುಡಿಸುವಾಗ ಕಸಬರಿಗೆ ತಾಗಿ ಒಳಗಿನ ಪರಾತ ಸದ್ದು ಮಾಡಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ನಿನ್ನೆ ಚೈತ್ರಾ ಅವಸರದಲ್ಲಿ ಕಪ್ ಮರೆತು ಹೋದಳು. ತಾರೀಖು ಓದುವುದು ನನ್ನ ಚಟ. ಔಷಧಿಯಿಂದ ಹಿಡಿದು ಅಗರಬತ್ತಿಯ ತನಕ ಯಾವುದನ್ನೂ ತಿರುಗಿಸಿ ನೋಡದೆ ಬಿಡುವವಳಲ್ಲ. ಕಪ್ ಬೋರಲು ಹಾಕಿ ನೋಡಿದರೆ ದಸರೆಗಿಂತ ಮುಂಚೆಯೇ ಅವಧಿ ಮುಗಿದಿದೆ!

“ಅತ್ತಿಯವರ, ಈ ಹುಡುಗಿಗೆ ಹೇಳಬೇಕ್ರಿ. ಹಳೇ ಕಪ್ ತಿಂದು ಹೊಟ್ಟಿ ಕೆಡಸ್ಕೊಂಡಾಳು.”

ಅವರು ಕೊತ್ತಂಬರಿ ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. “ಮಗ್ಗಲಾ ನೆಗ್ಗ್ಯದಿಲ್ಲ?”

“ನೆಗ್ಗ್ಯದರಿ.”

“ನಾ ಕೆಡವಿದ್ದs ಅದು. ಎರಡನೇ ದಿನಾ ತಂದದ್ದು. ಅವತ್ತಿನಿಂದ ಅದs ಒಂದ ಕಪ್ ತರ್ತಾಳ, ಒಯ್ತಾಳ.”

ನಾನು ಕಪ್ ಹಿಡಿದು ನಿಂತೇ ಇದ್ದೆ. ಅಷ್ಟು ತಿಂಗಳು, ಅದೇ ಕಪ್ ದಿನಾ ನನ್ನ ಕಣ್ಣ ಮುಂದೆ ಬಂದು ಹೋಗಿತ್ತು.

“ಮತ್ತ ನೀವ್ಯಾಕ ಹೇಳಲಿಲ್ಲರಿ?”

“ಏನ ಹೇಳ್ಲಿ? ಅದು ತಿನ್ನೂ ಕಪ್ ಅಲ್ಲವಾ, ಬಾಗಲಾ ತಗಸೂ ಕಪ್. ಬರಿಗೈಲೆ ಬರಲಿಕ್ಕೆ ಆ ಕೂಸಿಗೆ ಸಂಕೋಚ. ಬಾಯಿ ಮುಚ್ಚಿಕೊಂಡು ಅಲ್ಲೇ ಇಡು.”

ಇಟ್ಟೆ. ಆದರೆ ಅತ್ತೆ ಸಂಜೆಯೆಲ್ಲ ಎರಡು ಸಲ, ಮೂರು ಸಲ ಆ ಕಪ್ಪಿನ ಕಡೆ ನೋಡಿದ್ದನ್ನು ನಾನು ಕಂಡೆ. ಅವರು ಯೋಚಿಸುತ್ತಿದ್ದದ್ದನ್ನೇ ನಾನೂ ಯೋಚಿಸುತ್ತಿದ್ದೆ. ಕಪ್ ಇಲ್ಲಿದೆ. ನಾಳೆ ಅವಳು ಯಾವ ನೆಪದಲ್ಲಿ ಬರುತ್ತಾಳೆ?

ಇವತ್ತು ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ನೆಲದ ಮೇಲೆ ಹಿತ್ತಾಳೆಯ ಪರಾತ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದರು. ಅದರ ಮುಂದೆ ಅತ್ತೆ ಕಾಲು ಚಾಚಿ ಕೂತು ಅವಲಕ್ಕಿಗೆ ಎಣ್ಣೆ ಹಚ್ಚುತ್ತಿದ್ದಾರೆ, ಕೈ ಮೊಣಕೈ ತನಕ ಕೆಂಪು. ಅವರ ಕೋಣೆಗೆ ಹೋಗಿ, ಬಗ್ಗಿ ಮಂಚದ ಕೆಳಗೆ ನೋಡಿದೆ. ನೀಲಿ ಚೀಲ ಖಾಲಿಯಾಗಿ ಮಡಚಿಕೊಂಡು ಬಿದ್ದಿತ್ತು. ತಿರುಗಿ ಬಂದು ಶೇಂಗಾ ಹುರಿಯಲು ನಿಂತೆ, ಹೊಗೆ ಕಣ್ಣಿಗೆ ಹೋಯಿತೆಂದು ಮುಖ ತೊಳೆದು ಬಂದೆ. ನಮ್ಮನೆಯವರು ಬಾಗಿಲಲ್ಲಿ ನಿಂತು ಪರಾತ ನೋಡಿ, “ಮೂರ ಮಂದಿಗೆ ಇಷ್ಟೊಂದು...” ಎಂದು ಶುರುಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ, ಪಟ್ಟನೆ ಕೂತುಬಿಟ್ಟರು.

ಚೈತ್ರಾ ಬರುವ ಹೊತ್ತಾಯಿತು. ಹೊತ್ತು ಮೀರಿತು. ಪಕ್ಕದ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಲಿಫ್ಟು ಬಂದು ನಿಂತ ಸದ್ದು. ಅತ್ತೆಯ ಕೈ ಅವಲಕ್ಕಿಯಲ್ಲೇ ನಿಂತಿತು. ಲಿಫ್ಟು ಹೋಯಿತು. ಆಮೇಲೆ ಗಂಟೆ ಬಾರಿಸಿತು.

ಬಾಗಿಲು ತೆಗೆದೆ. ಹೆಗಲಿಗೆ ಆಫೀಸಿನ ಚೀಲ, ಎರಡೂ ಕೈ ಖಾಲಿ. ಆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಓಢಣಿಯ ತುದಿ ಸುತ್ತುತ್ತ ನಿಂತಿದ್ದಳು. ಬಿಸಿನೀರಿನ ಮಾತೂ ಇಲ್ಲ, ಕೆಟಲಿನ ಮಾತೂ ಇಲ್ಲ. ನನ್ನ ಹೆಗಲ ಮೇಲಿನಿಂದ ಒಳಗೆ ಇಣುಕಿ ಮೆಲ್ಲಗೆ ಕೇಳಿದಳು.

“ಅಜ್ಜಿ, ತಿಂಡಿ ಆಯ್ತಾ?”

ಅತ್ತೆ ಕೆಂಪು ಕೈಯಿಂದಲೇ ತೋಳು ಪರಪರ ಕೆರೆದುಕೊಳ್ಳುತ್ತ ಅಂದರು, “ಇನ್ನೂ ಎಲ್ಲಿ ಆಗ್ತದವಾ, ನಿನ್ನ ದಾರಿ ನೋಡಿ ನೋಡಿ ಭಾಳ ತಿಂಡಿ ಬಿಟ್ಟದ. ಬಾ, ಕೂಡು.”